ವಕೀಲಿಯ ಮೇಜು, ಓಲೆಗರಿಯ ಕಟ್ಟು: ಫ. ಗು. ಹಳಕಟ್ಟಿಯವರ ಹಲವು ಕಾಯಕಗಳು



ಪ್ರತಿವರ್ಷ ಜುಲೈ 2 ಬಂದಾಗ ನಾಡಿನ ಮಠ, ಶಾಲೆ, ಸಂಘಗಳಲ್ಲಿ ಫ. ಗು. ಹಳಕಟ್ಟಿಯವರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತಾರೆ. 'ವಚನ ಪಿತಾಮಹ' ಎಂಬ ಮಾತು ಭಾಷಣಗಳಲ್ಲಿ ಹಲವು ಬಾರಿ ಕೇಳಿಬರುತ್ತದೆ. ತಾಳೆಗರಿಗಳಲ್ಲಿ ಹುದುಗಿಹೋಗಿದ್ದ ಶರಣರ ನುಡಿಗಳನ್ನು ಅವರು ಅಚ್ಚಿಗೆ ತಂದರೆಂಬ ಒಂದು ವಾಕ್ಯದಲ್ಲಿ ಆ 84 ವರ್ಷಗಳ ಬದುಕನ್ನು ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಅದೇ ವ್ಯಕ್ತಿ ವಿಜಯಪುರದ ನ್ಯಾಯಾಲಯದಲ್ಲಿ ಸರಕಾರಿ ವಕೀಲರಾಗಿದ್ದರು. ಪುರಸಭೆಯ ಆಡಳಿತದಲ್ಲಿದ್ದರು, ಮುಂಬಯಿ ಶಾಸನಸಭೆಯ ಸದಸ್ಯರಾಗಿದ್ದರು. ಶಿಕ್ಷಣಸಂಸ್ಥೆಯೊಂದನ್ನೂ ಸಹಕಾರಿ ಬ್ಯಾಂಕೊಂದನ್ನೂ ಕಟ್ಟಿದರು, ಮುದ್ರಣಾಲಯ ನಡೆಸಿದರು, ಎರಡು ಪತ್ರಿಕೆಗಳ ಸಂಪಾದಕರಾಗಿದ್ದರು. ಇವೆಲ್ಲವನ್ನೂ ಒಬ್ಬ ಮನುಷ್ಯ ಬಹುಮಟ್ಟಿಗೆ ಒಂದೇ ಕಾಲದಲ್ಲಿ ಹೊತ್ತದ್ದು ಹೇಗೆ? ಹೊತ್ತವನ ಅಂತರಂಗ ಈ ಹಲವು ಭಾರಗಳ ನಡುವೆ ಚೂರಾಗದೆ ಉಳಿದದ್ದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಅವರ ಚರಿತ್ರೆಯನ್ನು ಮತ್ತೊಮ್ಮೆ ಓದಬೇಕಾಗಿದೆ.

ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಯುವ ಹವ್ಯಾಸವಿದ್ದವರು, ತಾಯಿ ದಾನಮ್ಮನವರು. ಉನ್ನತ ವ್ಯಾಸಂಗಕ್ಕೆ ಮುಂಬಯಿಗೆ ಹೋಗಿ, ಮೊದಲು ವಿಜ್ಞಾನವನ್ನೂ ಆಮೇಲೆ ಕಾನೂನನ್ನೂ ಓದಿ, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಆರಂಭಿಸಿದರು. ಕೆಲಕಾಲದಲ್ಲಿಯೇ ವಿಜಯಪುರಕ್ಕೆ ಬಂದು ನೆಲೆನಿಂತರು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಮುಂಬಯಿಯಲ್ಲಿ ಓದುವ ಕನ್ನಡದ ಹುಡುಗರು ಮರಾಠಿ, ಗುಜರಾತಿ ವಿದ್ಯಾರ್ಥಿಗಳ ಭಾಷಾಭಿಮಾನವನ್ನು ನೋಡಿ ತಮ್ಮ ನುಡಿಯ ಬಡತನಕ್ಕಾಗಿ ಸಂಕಟಪಡುತ್ತಿದ್ದ ಕಾಲವದು.

ಇಲ್ಲಿ ಇನ್ನೊಬ್ಬ ಮಹನೀಯರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ನೋಡುವುದು ಉಚಿತ. ಆಲೂರು ವೆಂಕಟರಾಯರು ಹುಟ್ಟಿದ್ದೂ 1880ರ ಜುಲೈ ತಿಂಗಳಲ್ಲಿಯೇ, ಅದೂ ವಿಜಯಪುರದಲ್ಲಿ. ಧಾರವಾಡದಲ್ಲಿ ಹುಟ್ಟಿದವರು ವಿಜಯಪುರಕ್ಕೆ ಬಂದರು, ವಿಜಯಪುರದಲ್ಲಿ ಹುಟ್ಟಿದವರು ಧಾರವಾಡದಲ್ಲಿ ನೆಲೆಸಿದರು. ಇಬ್ಬರೂ ಮುಂಬಯಿಯಲ್ಲಿ ಕಾನೂನು ಓದಿದವರು, ಇಬ್ಬರೂ ವಕೀಲರು. ಆಲೂರರು ಕರ್ನಾಟಕತ್ವದ ಧ್ಯಾನಕ್ಕೆ ವಕೀಲಿಯನ್ನು ಬಿಟ್ಟುಕೊಟ್ಟರು. 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಹೊರತಂದರು. ಒಂದು ಧ್ಯೇಯಕ್ಕಾಗಿ ಉಳಿದದ್ದನ್ನೆಲ್ಲ ಕಳಚಿಟ್ಟ ಆ ದಾರಿ ಕಣ್ಣಿಗೆ ಕಟ್ಟುವಂತಹುದು, ಗೌರವಕ್ಕೆ ಪಾತ್ರವಾದುದು. ಹಳಕಟ್ಟಿಯವರು ಆ ದಾರಿ ಹಿಡಿಯಲಿಲ್ಲ. ಅವರು ಕೋರ್ಟಿಗೆ ಹೋಗುತ್ತಲೇ ಇದ್ದರು. ಇದನ್ನು ಅವರ ಸಂಕಲ್ಪದ ಕೊರತೆಯೆಂದು ತಿಳಿದವರು ಅಂದಿಗೂ ಇದ್ದಿರಬಹುದು. ನಮಗೆ ಮಾತ್ರ ಎರಡನೆಯ ದಾರಿಯೇ ಹೆಚ್ಚು ಕಠಿಣವೆಂದು ತೋರುತ್ತದೆ. ಬಿಟ್ಟವನು ಬಿಡುವುದು ಒಮ್ಮೆ. ಬಿಡದೆ ಇರುವವನು ದಿನವೂ ಬೆಳಗಾದರೆ ಯಾವ ಕೆಲಸ ಯಾವುದಕ್ಕೆ ಸೇವಕನಾಗಿರಬೇಕೆಂಬುದನ್ನು ಹೊಸದಾಗಿ ತೀರ್ಮಾನಿಸಬೇಕು.

ವಿಜಯಪುರ ಸೀಮೆಯನ್ನು ಬಲ್ಲವರಿಗೆ ಅಂದಿನ ಸ್ಥಿತಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಎರೆಹೊಲ, ಬಿಳಿಜೋಳ, ಹತ್ತಿ. ಮಳೆ ಬಂದರೆ ಬದುಕು, ಬಾರದಿದ್ದರೆ ಗುಳೆ. ಒಂದು ವರ್ಷದ ಬರಕ್ಕೆ ಮಾಡಿದ ಸಾಲವನ್ನು ಮೂರು ವರ್ಷದ ಸುಗ್ಗಿಯಲ್ಲಿಯೂ ತೀರಿಸಲಾಗದೆ ಒಕ್ಕಲಿಗನು ಸಾಹುಕಾರನ ಬಾಗಿಲಲ್ಲಿ ನಿಂತಿರುತ್ತಿದ್ದ. ಇಂತಹ ಸಾಲದ ಕಾಗದಗಳೂ ಹೊಲ ಕಳೆದುಕೊಂಡವರ ವ್ಯಾಜ್ಯಗಳೂ ಆ ಸೀಮೆಯ ಕೋರ್ಟಿನ ದಿನನಿತ್ಯದ ಸಂಗತಿಗಳಾಗಿದ್ದವು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದ್ದರು. ಆ ಅಲೆ ವಿಜಯಪುರವನ್ನು ಮುಟ್ಟಿದಾಗ ಅದನ್ನು ಹಿಡಿದು ನಿಲ್ಲಿಸಿದವರು ಹಳಕಟ್ಟಿಯವರು. 1912ರಲ್ಲಿ ಸಿದ್ಧೇಶ್ವರನ ಹೆಸರಿನ ಸಹಕಾರಿ ಬ್ಯಾಂಕು ಹುಟ್ಟಿತು. ಅದಕ್ಕೂ ಎರಡು ವರ್ಷ ಮೊದಲು, 1910ರಲ್ಲಿ, ಇಂದು ಬಿ.ಎಲ್.ಡಿ.ಇ. ಎಂದು ಹೆಸರಾಗಿರುವ ಲಿಂಗಾಯತ ಶಿಕ್ಷಣಸಂಸ್ಥೆಯನ್ನು ಅವರು ಮುಂದೆ ನಿಂತು ಸ್ಥಾಪಿಸಿದ್ದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭವಾದುದು 1916ರಲ್ಲಿ ಎಂಬುದನ್ನು ನೆನೆದರೆ, ಬರದ ಸೀಮೆಯ ಈ ವಕೀಲರು ಎಷ್ಟು ಬೇಗ ಎದ್ದಿದ್ದರೆಂಬುದು ತಿಳಿಯುತ್ತದೆ. ರೈತರ, ನೇಕಾರರ, ಹತ್ತಿ ಬೆಳೆಗಾರರ ಸಹಕಾರಿ ಸಂಘಗಳಿಗೂ ಅವರು ಕೈಹಚ್ಚಿದರು. ಆದಿಲಶಾಹಿಗಳ ಕಾಲದ ಬಾವಿ, ಕೊಳವೆಗಳನ್ನೇ ನಂಬಿಕೊಂಡಿದ್ದ ಊರಿಗೆ ಕುಡಿಯುವ ನೀರು ಒದಗಿಸುವುದು ಪುರಸಭೆಯ ದೊಡ್ಡ ಚಿಂತೆಯಾಗಿತ್ತು. ಭೂತನಾಳ ಕೆರೆಯ ಮಾತು ಬಂದಾಗ ವಿಜಯಪುರದವರು ಇಂದಿಗೂ ಹಳಕಟ್ಟಿಯವರ ಹೆಸರನ್ನು ಜೊತೆಗೆ ಹೇಳುತ್ತಾರೆ.

ಇನ್ನು ಓಲೆಗರಿಗಳ ವಿಷಯ. ವಕೀಲಿ ಆರಂಭಿಸುವ ಹೊತ್ತಿಗೇ ಅವರಿಗೆ ವಚನಗಳ ತಾಳೆಗರಿ ಕಟ್ಟುಗಳನ್ನು ನೋಡುವ ಯೋಗ ಒದಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವು ವಚನಗಳು ಅಚ್ಚಾಗಿದ್ದವು, ನಿಜ. ಆದರೆ ಈ ಸಾಹಿತ್ಯ ಎಷ್ಟು ದೊಡ್ಡದು, ಎಷ್ಟು ಜನರದು, ಯಾವ ಯಾವ ಕಸುಬಿನವರದು ಎಂಬ ಅಂದಾಜು ವಿದ್ವಾಂಸರಿಗೂ ಇರಲಿಲ್ಲ. ಕಟ್ಟುಗಳು ಇದ್ದದ್ದು ಮಠಗಳಲ್ಲಿ, ಹಳ್ಳಿಯ ಭಕ್ತರ ಮನೆಗಳ ಜಗುಲಿಯ ಮೇಲೆ. ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹೂ ಏರಿಸಿ ಪೂಜಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಪೂಜೆಯ ಭಕ್ತಿ ಓಲೆಗಳನ್ನು ಮನೆಯಿಂದ ಹೊರಹೋಗದಂತೆ ಕಾದಿತು. ಅದೇ ಭಕ್ತಿ ಅವು ಹುಳುವಿಗೆ ಆಹಾರವಾಗುವುದನ್ನು ಕಾಣದಂತೆಯೂ ಮಾಡಿತು. ಕೇಳಿದ ಕೂಡಲೇ ಯಾರೂ ಕೊಡುವ ವಸ್ತುವಲ್ಲ ಅದು. ಒಂದೊಂದು ಕಟ್ಟಿಗೂ ಆ ಮನೆಯ ಹಿರಿಯರ ವಿಶ್ವಾಸ ಗಳಿಸಬೇಕು, ಓದಿ ನಕಲು ಮಾಡಿಕೊಳ್ಳಬೇಕು. ಕಂಠದಿಂದ ಕೊರೆದ ಅಕ್ಷರ ಮಸುಕಾಗಿದ್ದರೆ ಕಾಡಿಗೆ ತೀಡಿ ಒರೆಸಿದ ಮೇಲೆಯೇ ಕಾಣುತ್ತದೆ. ಪದಗಳ ನಡುವೆ ಬಿಡುವಿಲ್ಲ. ಒಂದು ವಚನ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗಿತು ಎಂಬುದನ್ನು ಅಂಕಿತ ಹಿಡಿದು ನಿರ್ಣಯಿಸಬೇಕು. ಒಂದೇ ವಚನ ನಾಲ್ಕು ಕಟ್ಟುಗಳಲ್ಲಿ ನಾಲ್ಕು ಪಾಠಗಳಾಗಿ ಸಿಕ್ಕರೆ ಯಾವುದನ್ನು ನಂಬಬೇಕು? ಸಂಜೆ ಕೋರ್ಟಿನಿಂದ ಬಂದ ಮೇಲೆ ಮಾಡುವ ಕೆಲಸವಲ್ಲ ಇದು ಎಂದು ಯಾರಾದರೂ ಹೇಳಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೂ 1920ರ ಹೊತ್ತಿಗೆ ಅವರಲ್ಲಿ ಸುಮಾರು ಒಂದು ಸಾವಿರ ಕಟ್ಟುಗಳು ಸೇರಿದ್ದವು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

1922ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ್ದರು. ಅದು ಅಚ್ಚಾಗದೆ ಹಿಂದಿರುಗಿತು. ಈ ಪ್ರಸಂಗವನ್ನು ನಮ್ಮ ವೇದಿಕೆಗಳಲ್ಲಿ ಮತಗಳ ಜಗಳವೆಂಬಂತೆ ಹೇಳುವುದುಂಟು. ಅದು ಅನ್ಯಾಯ. ಅದೇ ಬಾಸೆಲ್ ಮಿಷನ್ನಿನ ಬಳಗದಿಂದ ಬಂದ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿಕೊಟ್ಟರು, ಮುಂದೆ ಶರಣಸಾಹಿತ್ಯಕ್ಕೂ ಅಷ್ಟೇ ನಿಷ್ಠೆಯಿಂದ ದುಡಿದರು ಎಂಬುದನ್ನು ಮರೆಯಬಾರದು. ಕೊನೆಗೆ 'ವಚನಶಾಸ್ತ್ರ ಸಾರ' 1923ರಲ್ಲಿ ಬೆಳಗಾವಿಯಲ್ಲಿ ಮುದ್ರಣವಾಗಿ ಹೊರಬಂದಿತು. ಆದರೆ ಪರರ ಅಚ್ಚುಕೂಟದ ಬಾಗಿಲಲ್ಲಿ ಕಾಯುತ್ತ ಕುಳಿತರೆ ಒಂದು ಸಾವಿರ ಕಟ್ಟುಗಳು ಅಚ್ಚು ಕಾಣುವುದು ಯಾವ ಕಾಲಕ್ಕೆ? ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಆರಂಭವಾಯಿತು.

ಇಲ್ಲಿಂದ ಮುಂದಿನ ಎರಡು ಮೂರು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1925ರಲ್ಲಿ ಮುದ್ರಣಾಲಯ. 1926ರಲ್ಲಿ 'ಶಿವಾನುಭವ' ಪತ್ರಿಕೆ. ಅದೇ ವರ್ಷ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಇದರ ನಡುವೆ ಕೋರ್ಟು, ಬ್ಯಾಂಕು, ಶಾಲೆ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ದಿನಗಳಲ್ಲಿ ಮುದ್ರಣಾಲಯವೆಂದರೆ ಗುಂಡಿ ಒತ್ತಿದರೆ ನಡೆಯುವ ಯಂತ್ರವಲ್ಲ. ಒಂದೊಂದು ಅಕ್ಷರವನ್ನೂ ಮನೆಯಿಂದ ಹೆಕ್ಕಿ ಸಾಲುಗಟ್ಟಬೇಕು, ಕರಡಚ್ಚು ತೆಗೆದು ತಿದ್ದಬೇಕು, ಪುಟ ಕಳಚಿ ಮೊಳೆಗಳನ್ನು ಮರಳಿ ಅವುಗಳ ಮನೆಗೆ ಸೇರಿಸಬೇಕು. ಹಳಗನ್ನಡದ ಒತ್ತಕ್ಷರಗಳುಳ್ಳ ವಚನವಾದರಂತೂ ತಪ್ಪುಗಳು ಹೆಜ್ಜೆ ಹೆಜ್ಜೆಗೆ. ಕೂಲಿ, ಕಾಗದ, ಶಾಯಿ, ಅಂಚೆ ಇವೆಲ್ಲಕ್ಕೂ ವಾರವಾರ ಹಣ ಬೇಕು. ಚಂದಾ ಹಣ ಯಾವ ಪತ್ರಿಕೆಗೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ; ಧರ್ಮಪತ್ರಿಕೆಗಂತೂ ಓದುಗರು ಅದನ್ನು ಪ್ರಸಾದವೆಂದು ತಿಳಿದುಬಿಡುತ್ತಾರೆ. 'ಶಿವಾನುಭವ' ಸುಮಾರು 35 ವರ್ಷ ನಡೆಯಿತು. ಕನ್ನಡದ ಪತ್ರಿಕೆಗಳ ಆಯುಷ್ಯವನ್ನು ಬಲ್ಲವರಿಗೆ ಈ ಸಂಖ್ಯೆಯ ತೂಕ ಗೊತ್ತು.

ಈ ಹಣ ಎಲ್ಲಿಂದ ಬರುತ್ತಿತ್ತು? ಬಹುಪಾಲು ವಕೀಲಿಯಿಂದ. ಹಳಕಟ್ಟಿಯವರ ಬದುಕಿನ ಒಳಕಟ್ಟು ನಮಗೆ ಕಾಣುವುದು ಇಲ್ಲಿಯೇ. ಅವರ ಕೆಲಸಗಳೆಲ್ಲ ಸರಿಸಮಾನವಾಗಿರಲಿಲ್ಲ. ಎಲ್ಲಕ್ಕೂ ಸಮನಾದ ಹೊತ್ತು ಹಂಚಿಕೊಡುವ ಗೊಡವೆಗೆ ಅವರು ಹೋಗಲೇ ಇಲ್ಲ. ಗದ್ದೆಯ ನೀರಿನಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವ ಇಳಿಜಾರು ಅವರ ಬದುಕಿನಲ್ಲಿತ್ತು. ವಕೀಲಿಯ ಗಳಿಕೆ ಮುದ್ರಣಾಲಯಕ್ಕೆ, ಮುದ್ರಣಾಲಯ ವಚನಗಳಿಗೆ. ಆ ಹರಿವು ಎಂದೂ ಹಿಮ್ಮುಖವಾಗಲಿಲ್ಲ. ವಚನದ ಹೆಸರಿನಲ್ಲಿ ಕಕ್ಷಿದಾರರನ್ನು ಸೇರಿಸಿಕೊಂಡವರಲ್ಲ, ಪತ್ರಿಕೆಯ ಪ್ರಭಾವದಿಂದ ಮನೆ ಕಟ್ಟಿಸಿದವರಲ್ಲ. ಬದಲಿಗೆ ಇದ್ದ ಮನೆಯೂ ಹೋಯಿತು. ತಾವೇ ನಿಂತು ಕಟ್ಟಿದ ಬ್ಯಾಂಕು ಇರುವ ಊರಿನಲ್ಲಿ ಅವರು ಬಾಡಿಗೆಯ ಮನೆಯಲ್ಲಿ ವಾಸಿಸಿದರು. ಬ್ಯಾಂಕನ್ನೂ ಶಿಕ್ಷಣಸಂಸ್ಥೆಯನ್ನೂ ಬೆಳೆಸುವ ಭಾರ ಕಾಲಕ್ರಮದಲ್ಲಿ ಬೇರೆಯವರ ಕೈಗೆ ಹೋಯಿತು. ಶಿಕ್ಷಣಸಂಸ್ಥೆಯನ್ನು ಬಂಥನಾಳದ ಶಿವಯೋಗಿಗಳಂತಹ ಹಿರಿಯರು ಎತ್ತಿ ನಿಲ್ಲಿಸಿದರು. ಕಟ್ಟಿದವನು ಕುರ್ಚಿಯಲ್ಲಿ ಕೊನೆತನಕ ಕುಳಿತಿರಬೇಕೆಂಬ ಹಟ ಅವರದಾಗಿರಲಿಲ್ಲ. ಕೊನೆಯವರೆಗೂ ಕೈಬಿಡದೆ ಇಟ್ಟುಕೊಂಡದ್ದು ಓಲೆಗರಿ ಮತ್ತು ಕರಡಚ್ಚು.

ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ಓದುಗರಿಗೆಲ್ಲ ತಿಳಿದದ್ದೇ. ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ತಡೆದು ನಿಲ್ಲಿಸಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಕಥೆಯಲ್ಲಿ ಅಕ್ಕಿ ಆಯುವ ಕೆಲಸವನ್ನು ಆಕೆ ಬಿಡಿಸಲಿಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾಯಕ ಹಾಗೆಯೇ ಮುಂದುವರಿಯಿತು. ಮಿಕ್ಕದ್ದು ಎಲ್ಲಿಗೆ ಹೋಗಬೇಕೆಂಬುದೇ ಅಲ್ಲಿಯ ಪ್ರಶ್ನೆ. ಬಸವಣ್ಣನವರದೂ ಅದೇ ಬಗೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ಒಂದು ಕಡೆ, ಮಹಾಮನೆಯ ದಾಸೋಹ ಇನ್ನೊಂದು ಕಡೆ. ಭಂಡಾರದ ಹಣ ಜಂಗಮರಿಗೆ ಸೋರಿಹೋಗುತ್ತಿದೆಯೆಂದು ದೂರು ಹೋಗಿ, ಲೆಕ್ಕ ನೋಡಿದಾಗ ಎಲ್ಲವೂ ಸರಿಯಾಗಿತ್ತೆಂದು ಬಸವಪುರಾಣಗಳು ಹೇಳುವ ಪ್ರಸಂಗವನ್ನು ಪವಾಡವೆಂದು ಓದುವವರು ಓದಲಿ. ಎರಡು ಹೊಣೆ ಹೊತ್ತವನ ಮೇಲೆ ಮೊದಲು ಬೀಳುವ ಸಂಶಯ ಯಾವುದೆಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ಅರಿತಿದ್ದರು ಎಂಬುದಷ್ಟೇ ನಮ್ಮ ಮಾತು. ಬಸವಣ್ಣನವರ ಬಾಗೇವಾಡಿ ಇರುವ ಜಿಲ್ಲೆಯಲ್ಲಿಯೇ ಹಳಕಟ್ಟಿಯವರು ತಮ್ಮ ಕಾಯಕಭೂಮಿಯನ್ನು ಕಂಡುಕೊಂಡದ್ದು ಕಾಕತಾಳೀಯವಿರಬಹುದು.

ಇಷ್ಟು ಹೇಳಿದ ಮೇಲೆ ನುಂಗಲಾರದ ಕೆಲವು ಸಂಗತಿಗಳನ್ನೂ ಹೇಳಬೇಕು. ಹಳಕಟ್ಟಿಯವರು ಬ್ರಿಟಿಷ್ ಸರಕಾರದ ವಕೀಲರಾಗಿದ್ದರು. ರಾವ್ ಸಾಹೇಬ, ರಾವ್ ಬಹಾದ್ದೂರ್ ಪದವಿಗಳನ್ನು ಪಡೆದವರು. ಅವರ ವಯಸ್ಸಿನ ಅನೇಕರು 1920ರ ಅಸಹಕಾರ ಚಳವಳಿಯಲ್ಲಿ ಕೋರ್ಟುಗಳನ್ನು ತೊರೆದು ಬೀದಿಗಿಳಿದ ಕಾಲದಲ್ಲಿ ಅವರು ಕೋರ್ಟಿನಲ್ಲಿಯೂ ಶಾಸನಸಭೆಯಲ್ಲಿಯೂ ಇದ್ದರು. ಇದನ್ನು ಮುಚ್ಚಿಡುವುದರಿಂದ ಅವರ ಗೌರವ ಹೆಚ್ಚುವುದಿಲ್ಲ. ಕನ್ನಡನಾಡು ಒಂದಾಗಬೇಕೆಂಬ ವಿಷಯದಲ್ಲಿ ಅವರ ಮಾತು ಸ್ಪಷ್ಟವಾಗಿತ್ತು. 'ನವಕರ್ನಾಟಕ' ಎಂಬ ಹೆಸರೇ ಅದನ್ನು ಹೇಳುತ್ತದೆ. ಆದರೆ ಸರಕಾರದೊಡನೆ ಕಾದಾಟ ಅವರು ಆರಿಸಿಕೊಂಡ ಕ್ಷೇತ್ರವಾಗಿರಲಿಲ್ಲ. ಹಲವು ಕೆಲಸ ಹೊತ್ತವನು ಹೊರದೆ ಬಿಟ್ಟ ಕೆಲಸಗಳೂ ಇರುತ್ತವೆ. ಅವುಗಳ ಲೆಕ್ಕವನ್ನು ಚರಿತ್ರೆ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ವಕೀಲಿ ಬಿಟ್ಟ ಆಲೂರರನ್ನೂ ಬಿಡದ ಹಳಕಟ್ಟಿಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮಿಂದಾಗದು.

ಎರಡನೆಯದು ಮನೆಯ ಮಾತು. ಮನೆ ಮಾರಿ ಅಚ್ಚುಕೂಟ ಹಾಕಿದರೆಂದು ನಾವು ಕೈತಟ್ಟುತ್ತೇವೆ. ಆ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದವರು ಪತ್ನಿ ಭಾಗೀರಥಿಬಾಯಿಯವರು. ಸರಕಾರಿ ವಕೀಲರ ಸಂಸಾರವೆಂದರೆ ಊರಿನಲ್ಲಿ ಅನುಕೂಲಸ್ಥರೆಂದೇ ಅರ್ಥ; ಆ ಸಂಸಾರ ಬಾಡಿಗೆ ಮನೆಗೆ ಸಾಮಾನು ಸಾಗಿಸಿದಾಗ ನೆರೆಹೊರೆಯ ಮಾತು ಕೇಳಬೇಕಾದವರು ಯಾರು? ಅದರ ಬಗ್ಗೆ 'ಶಿವಾನುಭವ'ದ ಸಂಚಿಕೆಗಳಲ್ಲಿ ಹುಡುಕಿ ಫಲವಿಲ್ಲ. ಶರಣರ ಜೊತೆಗೆ ಶರಣೆಯರ ವಚನಗಳನ್ನೂ ಹೊರತಂದ ಮಹನೀಯರ ಬದುಕಿನಲ್ಲಿ ಈ ಒಂದು ಅಧ್ಯಾಯ ಬರೆಯದೆಯೇ ಉಳಿದಿದೆ. ವಚನಸಾಹಿತ್ಯ ಅಚ್ಚಾದುದು ಒಬ್ಬರ ತ್ಯಾಗದಿಂದ ಎಂದು ಹೇಳುವಾಗ ಏಕವಚನ ಬಳಸುವುದು ನಮಗೆ ಸಂಕೋಚ ತರುತ್ತದೆ.

ಮೂರನೆಯದು ವಿದ್ವಾಂಸರು ಎತ್ತುವ ಆಕ್ಷೇಪ. 'ವಚನಶಾಸ್ತ್ರ ಸಾರ'ದಲ್ಲಿ ಹಳಕಟ್ಟಿಯವರು ವಚನಗಳನ್ನು ವಿಷಯಾನುಸಾರ ಜೋಡಿಸಿದರು, ಹೆಸರಿನಲ್ಲಿಯೇ 'ಶಾಸ್ತ್ರ'ವಿದೆ. ಒಬ್ಬೊಬ್ಬ ಶರಣನ ದನಿ ಒಟ್ಟಾಗಿ ಕೇಳುವ ಬದಲು ತತ್ತ್ವದ ತಲೆಬರಹಗಳ ಕೆಳಗೆ ಹಂಚಿಹೋಯಿತು ಎಂಬುದು ಸರಿಯಾದ ಮಾತು. ಪಾಠಾಂತರಗಳ ವಿಷಯದಲ್ಲಿ ಮುಂದಿನ ಪೀಳಿಗೆಯ ಸಂಪಾದಕರು ತೋರಿದ ಎಚ್ಚರ ಅವರ ಆವೃತ್ತಿಗಳಲ್ಲಿ ಎಲ್ಲೆಡೆ ಕಾಣುವುದಿಲ್ಲ. ಕೋರ್ಟು, ಬ್ಯಾಂಕುಗಳ ಗದ್ದಲವಿಲ್ಲದೆ ಅವರು ಬರೀ ಸಂಪಾದಕರಾಗಿದ್ದರೆ ಹೆಚ್ಚು ಶುದ್ಧವಾದ ಪಾಠ ಕೊಡುತ್ತಿದ್ದರೇನೋ. ಆದರೆ ಹುಳು ತಿನ್ನುತ್ತಿದ್ದ ಓಲೆ ಶುದ್ಧಪಾಠದ ಪಂಡಿತನಿಗಾಗಿ ಕಾಯುತ್ತಿರಲಿಲ್ಲ. ಅಚ್ಚಾದ ತಪ್ಪನ್ನು ಮುಂದಿನವರು ತಿದ್ದಬಹುದು, ಪುಡಿಯಾದ ಗರಿಯನ್ನು ಓದಲಾರರು. ಈ ಆಯ್ಕೆಯನ್ನು ಅವರು ಅರಿತೇ ಮಾಡಿದರೆಂದು ನಮ್ಮ ನಂಬಿಕೆ. ಅವರು ಕೆಲಸಕ್ಕೆ ಕೈಹಾಕಿದಾಗ ಬೆರಳೆಣಿಕೆಯಲ್ಲಿ ಹೇಳಬಹುದಾಗಿದ್ದ ವಚನಕಾರರ ಹೆಸರುಗಳು ಅವರ ಶೋಧದಿಂದ ಇನ್ನೂರನ್ನು ಮೀರಿದವು. 1930ರಲ್ಲಿ 'ಶೂನ್ಯಸಂಪಾದನೆ' ಅವರಿಂದ ಬೆಳಕು ಕಂಡಿತು. ಹರಿಹರನ ರಗಳೆಗಳನ್ನೂ ಅವರು ಅಚ್ಚಿಗೆ ತಂದರು. ಆ ನೆಲಗಟ್ಟಿನ ಮೇಲೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದವರು ಪರಿಷ್ಕೃತ ಆವೃತ್ತಿಗಳನ್ನು ಕಟ್ಟಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ 15 ಸಂಪುಟಗಳ ಸಮಗ್ರ ವಚನಸಾಹಿತ್ಯವನ್ನು ಹೊರತಂದಿತು. ನಾವು ಇಂದು ಒಂದು ವಚನವನ್ನು ಎತ್ತಿಕೊಂಡು ಅದರ ಮೇಲೆ ಚಿಂತನೆ ಬರೆಯುವಾಗ ನೋಡುವ ಪಾಠ ಬಹುಶಃ ಈ ಸಂಪುಟಗಳದು.

ವಿಜಯಪುರದ ಗೋಲಗುಮ್ಮಟವನ್ನು ನೋಡಲು ಬರುವವರಿಗೆ ಈ ಊರಿನಲ್ಲಿ ಇನ್ನೊಂದು ಗುಮ್ಮಟವೂ ಇದೆಯೆಂದು ಕನ್ನಡಿಗರು ಹೇಳುತ್ತಿದ್ದರು. 'ವಚನ ಗುಮ್ಮಟ' ಎಂಬ ಆ ಬಿರುದಿನ ಜೊತೆಗೆ ಬಿ. ಎಂ. ಶ್ರೀಕಂಠಯ್ಯನವರ ಹೆಸರು ತಳಕುಹಾಕಿಕೊಂಡಿದೆ. ಆ ಗುಮ್ಮಟದ ಒಡೆಯರು ಹಳೆಯ ಕೋಟು ತೊಟ್ಟು ಸೈಕಲ್ಲಿನ ಮೇಲೆ ಓಡಾಡುತ್ತಿದ್ದರೆಂಬುದನ್ನು ಕಂಡವರು ಹೇಳಿದ್ದಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷದ ನವೆಂಬರ್ 1ರಂದು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳು ಮೈಸೂರಿನೊಡನೆ ಕೂಡಿಕೊಂಡವು. ಎಪ್ಪತ್ತಾರು ವರ್ಷದ ಇಬ್ಬರು ಹಿರಿಯರು, ಒಬ್ಬರು ಧಾರವಾಡದಲ್ಲಿ, ಇನ್ನೊಬ್ಬರು ವಿಜಯಪುರದಲ್ಲಿ, ಆ ದಿನವನ್ನು ಕಣ್ಣಾರೆ ಕಂಡರು. 1964ರ ಫೆಬ್ರವರಿ 25ರಂದು ಆಲೂರು ವೆಂಕಟರಾಯರು ಕಾಲವಾದರು. ನಾಲ್ಕು ತಿಂಗಳ ಅನಂತರ, ಜೂನ್ 29ರಂದು, ತಮ್ಮ 84ನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಮೊದಲು, ಹಳಕಟ್ಟಿಯವರು ಲಿಂಗೈಕ್ಯರಾದರು.